ಇಪ್ಪತ್ತು ಮಿಲಿಮೀಟರ್

ಬೆಳಗಿನ ಏಳೂವರೆಗೆ, ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಅವನು ತನ್ನ ಮೋಟಾರ್ ಸೈಕಲಿನ ಹಿಂದೆ ಮೊಣಕಾಲೂರಿ ಕೂತು ಟೈರಿನ ಪಕ್ಕಕ್ಕೆ ಭೂತಗನ್ನಡಿ ಹಿಡಿದಿದ್ದ. ಹೊಸದಾಗಿ ಓದಬೇಕಾದದ್ದು ಅಲ್ಲೇನೂ ಇರಲಿಲ್ಲ. ರಬ್ಬರಿನ ಮೇಲೆ ಉಬ್ಬಕ್ಷರದಲ್ಲಿ ನೂರಾ ಮೂವತ್ತು, ಎಂಬತ್ತು, ಹದಿನೆಂಟು ಎಂದು ಬರೆದಿತ್ತು. ಮೊದಲನೆಯದು ಟೈರಿನ ಅಗಲ, ಮಿಲಿಮೀಟರಿನಲ್ಲಿ. ಎರಡನೆಯದು ಆ ಅಗಲದ ನೂರಕ್ಕೆ ಎಷ್ಟು ಪಾಲು ಎತ್ತರ ಎಂಬುದು. ಮೂರನೆಯದು ಒಳಗಿನ ರಿಮ್ಮಿನ ಅಳತೆ, ಇಂಚಿನಲ್ಲಿ. ತನ್ನ ರಕ್ತದ ಗುಂಪು ಯಾವುದೆಂದು ಕೇಳಿದರೆ ಒಂದು ಕ್ಷಣ ತಡವರಿಸುವ ಅವನು ಈ ಮೂರು ಅಂಕಿಗಳನ್ನು ನಿದ್ದೆಯಲ್ಲೂ ಹೇಳಬಲ್ಲವನಾಗಿದ್ದ. ಆದರೂ ಓದಲಾಗದವನ ಹಾಗೆ ಕಣ್ಣು ಕಿರಿದು ಮಾಡಿಕೊಂಡಿದ್ದ, ಯಾಕೆಂದರೆ ಮೇಲೆ ಬಾಲ್ಕನಿಯಲ್ಲಿ ಹೆಂಡತಿ ಟವೆಲ್ ಒಣಹಾಕುತ್ತಿದ್ದಳು. ಟೈರು ಸವೆದು ಬೋಳಾಗಿದೆ, ಹೊಸದು ಹಾಕಿಸಬೇಕು, ಯಾವ ಅಳತೆಯದೆಂದು ಇವತ್ತು ತೀರ್ಮಾನ ಮಾಡಬೇಕು ಎಂಬ ಸಂಗತಿಯನ್ನು ಅವನು ಯಾವ ಗಂಡಸಿಗೂ ಬರಬಹುದಾದ ಸಾಧಾರಣ ಕೆಲಸದ ಹಾಗೆ ಅವಳೆದುರು ಆಡಿ ತೋರಿಸಬೇಕಿತ್ತು.

"ಏನ್ರೀ ಹುಡುಕ್ತಿದೀರಾ ಅಲ್ಲಿ?"

"ಸೈಜ್ ನೋಡ್ತಿದೀನಿ. ಅಳಿಸಿ ಹೋಗಿದೆ."

"ಭೂತಗನ್ನಡಿ ಹಿಡಿದ್ರೂ ಕಾಣಲ್ವಾ? ಊರಿಗೆಲ್ಲ ಕಣ್ಣು ಕೊಡೋರು ನೀವು!"

"ಧೂಳು ಕೂತಿದೆ ಕಣೆ."

"ಒರೆಸಿ ನೋಡಿ ಮತ್ತೆ. ನಂಗೆ ಬಸ್ಸಿಗೆ ಹೊತ್ತಾಯ್ತು. ಸಂಜೆ ನಿಮ್ಮಕ್ಕನ ಮನೆಗೆ ಸೀದಾ ಸ್ಕೂಲಿಂದ ಬಂದ್ಬಿಡ್ತೀನಿ. ನೀವು ಗಾಡೀಲಿ ಬನ್ನಿ."

ನೀವು ಗಾಡೀಲಿ ಬನ್ನಿ. ಎರಡು ವರ್ಷದಿಂದ ಅವಳು ಈ ಮಾತನ್ನು ಎಷ್ಟು ಹಗುರಾಗಿ ಹೇಳುತ್ತ ಬಂದಿದ್ದಾಳೆಂದರೆ, ಅದು ಹಗುರಾಗಿಯೇ ಇದೆಯೆಂದು ನಂಬುವುದು ಅವನಿಗೆ ಅಭ್ಯಾಸವಾಗಿಬಿಟ್ಟಿತ್ತು.

ಗಾಡಿ ಹೊಸದಾಗಿಯೇ ಕೊಂಡದ್ದು, ಆದರೆ ಹಳೆಯ ಕಾಲದ ವೇಷ ಹಾಕಿದ್ದು. ದುಂಡನೆಯ ದೊಡ್ಡ ದೀಪ, ಹೊಟ್ಟೆ ಉಬ್ಬಿದ ಟ್ಯಾಂಕು, ಹೊಲಿಗೆ ಎದ್ದು ಕಾಣುವ ಕಂದು ಸೀಟು. ತಾನು ಹುಟ್ಟುವುದಕ್ಕೂ ಮುಂಚಿನ ಕಾಲದ ನೆನಪನ್ನು ಅಂಗಡಿಯಲ್ಲಿ ಕೊಂಡು ತಂದವನ ಸಂಭ್ರಮದಲ್ಲಿ ಅವನು ಅದನ್ನು ಮೊದಲ ವಾರವೇ ಅಕ್ಕನ ಮನೆಯ ಮುಂದೆ ನಿಲ್ಲಿಸಿದ್ದ. ಭಾವ ಹೊರಗೆ ಬಂದು, ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು, ಹೆಣ್ಣು ನೋಡಲು ಬಂದವರಂತೆ ಗಾಡಿಯನ್ನು ಒಂದು ಸುತ್ತು ಹಾಕಿದರು. ಮುಂದುಗಡೆ ನಿಂತು "ಆಹಾ" ಅಂದರು. ಹಿಂದುಗಡೆಗೆ ಬಂದು ಸುಮ್ಮನಾದರು. ಆಮೇಲೆ, "ಅಲ್ಲ ಕಣೋ, ಮುಂದಿಂದ ಗೂಳಿ, ಹಿಂದಿಂದ ಸೈಕಲ್ಲು! ಪೋಲಿಯೋ ಬಂದಿದ್ಯಾ ಇದಕ್ಕೆ?" ಅಂದರು. ಎಲ್ಲರೂ ನಕ್ಕರು. ಎಲ್ಲರಿಗಿಂತ ಜೋರಾಗಿ ನಕ್ಕವನು ಅವನೇ. ಆ ವಾರ ಅವನು ಸಿಗ್ನಲ್ಲಿನಲ್ಲಿ ನಿಂತ ಗಾಡಿಗಳ ಹಿಂಭಾಗಗಳನ್ನು ನೋಡಿದ ರೀತಿಗೆ ಯಾರಾದರೂ ಕಪಾಳಕ್ಕೆ ಬಿಡಬೇಕಿತ್ತು. ಮುಂದಿನ ವಾರ ಕಂಪನಿ ಕೊಟ್ಟ ನೂರಾ ಹತ್ತರ ಟೈರನ್ನು ಬಿಚ್ಚಿಸಿ, ದೂರದ ಬಡಾವಣೆಯ ಒಂದು ಅಂಗಡಿಯಲ್ಲಿ ನೂರಾ ಮೂವತ್ತರದ್ದು ಹಾಕಿಸಿಕೊಂಡ. ಹಾಕಿದವನು ಬೇಡವೆಂದಿದ್ದ. "ಈ ರಿಮ್ಮಿಗೆ ಇದು ಜಾಸ್ತಿ ಆಗತ್ತೆ ಸರ್" ಅಂದಿದ್ದ. ಅವನು ತಜ್ಞನ ಮುಖ ಮಾಡಿ, "ನಾನು ಎಲ್ಲಾ ಓದ್ಕೊಂಡಿದೀನಿ" ಅಂದಿದ್ದ. ಏನು ಓದಿಕೊಂಡಿದ್ದ? ಯಾರೋ ಗಡ್ಡದವನೊಬ್ಬ ತನ್ನ ಗಾಡಿಯ ಹಿಂದೆ ನಿಂತು ತೆಗೆಸಿಕೊಂಡ ಚಿತ್ರದ ಕೆಳಗೆ ಬರೆದ ಎರಡು ಸಾಲು. ಮನೆಗೆ ಬಂದವನು ಚೈನ್ ಕವರಿನ ಮೇಲೆ ಕಂಪನಿಯವರು ಅಂಟಿಸಿದ್ದ ಸಣ್ಣ ಚೀಟಿಯನ್ನು ನೋಡಿದ. ಹಿಂದಿನ ಟೈರಿನ ಸರಿಯಾದ ಅಳತೆ, ಒಬ್ಬರಿದ್ದರೆ ಇಷ್ಟು ಗಾಳಿ, ಇಬ್ಬರಿದ್ದರೆ ಇಷ್ಟು ಎಂದೆಲ್ಲ ಅದರಲ್ಲಿ ಬರೆದಿತ್ತು. ಹಳೆಯ ಬ್ಲೇಡು ತಂದು ಅದನ್ನು ನೀಟಾಗಿ ಕೆರೆದು ತೆಗೆದ. ಇಡೀ ದಿನ ಜನರಿಗೆ ಅವರ ಕಣ್ಣಿನ ನಂಬರ್ ಹೇಳಿ ಬದುಕುವವನು, ಸಂಜೆ ಮನೆಗೆ ಬಂದು, ಒಂದು ನಂಬರನ್ನು ಕಳ್ಳನ ಹಾಗೆ ಕೆರೆದು ಹಾಕಿದ್ದ.

ಅವಳು ಕೆಳಗಿಳಿದು ಬಂದಳು. ಕೈಚೀಲದಲ್ಲಿ ತಿದ್ದಿದ ಗಣಿತದ ಉತ್ತರಪತ್ರಿಕೆಗಳ ಕಟ್ಟು. ಗಾಡಿಯ ಪಕ್ಕದಲ್ಲೇ ಹಾದು ಹೋಗುವಾಗ, ಕಟ್ಟಿಹಾಕಿದ ನಾಯಿಯನ್ನು ದಾಟುವವರ ಹಾಗೆ, ಒಂದು ಗೇಣು ಆಚೆ ಸರಿದು ಹೋದಳು. ಅದು ಅವಳಿಗೆ ತಿಳಿದಿರಲಿಲ್ಲ. ಅವನಿಗೆ ತಿಳಿದಿತ್ತು. ಎರಡು ವರ್ಷದ ಹಿಂದೆ ಇಬ್ಬರೂ ಬಿದ್ದ ಆ ತಿರುವು ಅಂಥ ದೊಡ್ಡ ತಿರುವೇನೂ ಆಗಿರಲಿಲ್ಲ. ಎಡಕ್ಕೆ ಒಂದು ಪೆಟ್ರೋಲ್ ಬಂಕು, ಬಲಕ್ಕೆ ಮರದ ಅಡ್ಡೆ, ನಡುವೆ ರಸ್ತೆ ಸೊಂಟ ಬಳುಕಿಸಿದಂತೆ ಒಂದಿಷ್ಟು ಬಾಗಿತ್ತು, ಅಷ್ಟೆ. ಒಬ್ಬನೇ ಹೋಗುವಾಗ ಅಲ್ಲಿ ಗಾಡಿ ಬಾಗಲು ತುಸು ಮೊಂಡು ಹಿಡಿಯುತ್ತಿತ್ತು; ಅದನ್ನವನು ಗಾಡಿಯ ಗಾಂಭೀರ್ಯ ಅಂದುಕೊಂಡಿದ್ದ. ಅವತ್ತು ಹಿಂದೆ ಅವಳಿದ್ದಳು, ಅವಳ ಮಡಿಲಲ್ಲಿ ಒಂದು ಹೂಕುಂಡವಿತ್ತು. ಗಾಡಿ ಬಾಗಲಿಲ್ಲ, ಬಾಗಲಿಲ್ಲ, ಆಮೇಲೆ ಒಮ್ಮೆಗೇ ಬಾಗಿತು. ಕೆಳಗೆಲ್ಲೋ ಕರ್ರೆಂದು ಉಜ್ಜಿದ ಸದ್ದು, ಸುಟ್ಟ ರಬ್ಬರಿನ ವಾಸನೆ, ಮತ್ತೆ ಆಕಾಶ. ಅವನಿಗೆ ಮೊಣಕೈ ತರಚಿತ್ತು. ಅವಳು ಮೂರು ಮಾರು ಆಚೆ, ಒಡೆದ ಕುಂಡದ ಮಣ್ಣಿನ ನಡುವೆ, ಒಂದು ಕೈಯಿಂದ ಇನ್ನೊಂದು ಕೈ ಹಿಡಿದುಕೊಂಡು ಮಲಗಿದ್ದಳು. ಇಲ್ಲಿಗೆ ಬಂದಾಗಲೆಲ್ಲ ಅವನ ನೆನಪು, ಬಾಗಿಲು ತಟ್ಟಿ ಒಳಗೆ ಹೋಗದೆ ವಾಪಸು ಬರುವ ಸಾಲಗಾರನ ಹಾಗೆ, ಹೊಸ್ತಿಲಿನಲ್ಲೇ ತಿರುಗಿಬಿಡುತ್ತಿತ್ತು. ಮುಂದಿನದು ನೆನಪಿಗೆ ಬೇಕಿರಲಿಲ್ಲ. ಅವಳನ್ನು ಎಬ್ಬಿಸಿ ಕೂರಿಸಿದ ಮೇಲೆ ತಾನು ಮೊದಲು ಆಡಿದ ಮಾತು ಮಾತ್ರ ಚೆನ್ನಾಗಿ ನೆನಪಿತ್ತು: "ಯಾಕೆ ಆ ಕಡೆ ವಾಲಿದೆ ನೀನು?"

ಅವಳು ಒಂದು ನಿಮಿಷ ಯೋಚಿಸಿದ್ದಳು. ಲೆಕ್ಕದ ಮೇಡಂ, ಸುಮ್ಮನೆ ಒಪ್ಪುವವಳಲ್ಲ. "ಹೌದಾ? ವಾಲಿದ್ನಾ?" ಅಂದಿದ್ದಳು. ಆಮೇಲೆ, "ಕುಂಡ ಜಾರ್ತಿತ್ತು, ಅದಕ್ಕೇ ಇರ್ಬೇಕು," ಎಂದು ಅವನಿಗೆ ಬೇಕಾದ ಕಾರಣವನ್ನು ತಾನೇ ಹುಡುಕಿ ಕೊಟ್ಟಿದ್ದಳು. ಮಣಿಕಟ್ಟಿಗೆ ಆರು ವಾರ ಪ್ಲಾಸ್ಟರು. ಕಪ್ಪುಹಲಗೆಯ ಮೇಲೆ ಆರು ವಾರ ಎಡಗೈಯಲ್ಲಿ ಬರೆದಳು. ನೋಡಲು ಬಂದವರಿಗೆಲ್ಲ ಅವನು ಕಥೆ ಹೇಳಿದ. ಹೇಳುತ್ತ ಹೇಳುತ್ತ ಕಥೆ ಚೆನ್ನಾಗುತ್ತ ಹೋಯಿತು. "ಸಿಮೆಂಟ್ ಮೂಟೆ ಕೂರಿಸ್ಕೊಂಡಿದ್ರೂ ನಾನು ವಾಲಿದ ಕಡೆ ವಾಲ್ತಿತ್ತು. ಇವಳು ಮೂಟೆಗಿಂತ ಸ್ವತಂತ್ರ!" ಭಾವ ನಕ್ಕೂ ನಕ್ಕೂ ಕಣ್ಣೊರೆಸಿಕೊಂಡರು. ಅಂದಿನಿಂದ ಅಕ್ಕನ ಮನೆಯಲ್ಲಿ ಅವಳ ಹೆಸರು ಮೂಟೆ. ಅದರಲ್ಲಿ ಪ್ರೀತಿಯೂ ಇತ್ತು, ಇಲ್ಲವೆನ್ನುವ ಹಾಗಿಲ್ಲ. ಅವಳೂ ನಗುತ್ತಿದ್ದಳು. ಪ್ಲಾಸ್ಟರು ಬಿಚ್ಚಿದ ಮೇಲೆ ಒಂದು ಮಧ್ಯಾಹ್ನ ಅವನು ಬೇಗ ಮನೆಗೆ ಬಂದಾಗ ಅವಳು ಹಜಾರದ ಸೋಫಾದ ಕೈಯ ಮೇಲೆ ಒಂದೇ ಮಗ್ಗುಲಾಗಿ ಕೂತು, ಕಣ್ಣು ಮುಚ್ಚಿ, ಮೆಲ್ಲಗೆ ಎಡಕ್ಕೊಮ್ಮೆ ಬಲಕ್ಕೊಮ್ಮೆ ವಾಲುತ್ತಿದ್ದಳು. ತುಟಿ ಅಲುಗುತ್ತಿತ್ತು. ಯಾವ ತಿರುವಿಗೆ ಯಾವ ಕಡೆ ಎಂದು ಪಾಠ ಒಪ್ಪಿಸಿಕೊಳ್ಳುತ್ತಿದ್ದಳು. ಅವನು ಸದ್ದು ಮಾಡದೆ ಹೊರಗೆ ಹೋಗಿ, ಹತ್ತು ನಿಮಿಷ ಮೆಟ್ಟಿಲ ಮೇಲೆ ನಿಂತು, ಜೋರಾಗಿ ಕೆಮ್ಮುತ್ತ ಮತ್ತೆ ಬಂದಿದ್ದ. ಅವತ್ತೇ ಟೈರು ಬದಲಿಸಬಹುದಿತ್ತು. ಆದರೆ ಬದಲಿಸಿದರೆ ಯಾಕೆ ಬದಲಿಸಿದೆ ಅನ್ನುವ ಪ್ರಶ್ನೆ ಬರುತ್ತಿತ್ತು. ಅದಕ್ಕೆ ಬದಲು ಇಕ್ಕಳ ತಂದು ಚೈನ್ ಕವರನ್ನು ತುಸು ಆಚೆಗೆ ಬಗ್ಗಿಸಿದ. ಅವಳು ಪಾಠ ಒಪ್ಪಿಸಿಕೊಂಡಳೇ ವಿನಾ ಮತ್ತೆ ಹಿಂದೆ ಕೂರಲಿಲ್ಲ.

ಕನ್ನಡಕದ ಅಂಗಡಿಯ ಒಳಕೋಣೆಯಲ್ಲಿ ದೀಪ ಆರಿಸಿ ಕೂತಾಗ ಅವನಿಗೆ ಒಂದು ಸಣ್ಣ ಅಧಿಕಾರ ಬರುತ್ತಿತ್ತು. ಎದುರು ಕೂತವರ ಮೂಗಿನ ಮೇಲೆ ಕಬ್ಬಿಣದ ಚೌಕಟ್ಟು, ಗೋಡೆಯ ಮೇಲೆ ಬೆಳಗುವ ಅಕ್ಷರಗಳ ಸಾಲು, ಕೈಯಲ್ಲಿ ಗಾಜುಗಳ ಪೆಟ್ಟಿಗೆ. "ಇದು ಚೆನ್ನಾಗಿ ಕಾಣತ್ತಾ, ಇದಾ? ಮೊದಲನೇದಾ, ಎರಡನೇದಾ?" ಎಂಥೆಂಥವರೂ ಈ ಪ್ರಶ್ನೆಯೆದುರು ಮಕ್ಕಳಾಗಿಬಿಡುತ್ತಿದ್ದರು; ತಪ್ಪು ಉತ್ತರ ಕೊಟ್ಟರೆ ಬೈಸಿಕೊಳ್ಳಬೇಕಾಗುತ್ತದೋ ಎಂದು ಅವನ ಮುಖ ನೋಡುತ್ತಿದ್ದರು. ಇವತ್ತು ಮೊದಲು ಬಂದದ್ದು ಹೊಲಿಗೆಯಾಕೆ. ಹೋದ ವಾರ ಹೊಸ ಕನ್ನಡಕ ಒಯ್ದಿದ್ದಳು. ಮೆಟ್ಟಿಲು ಇಳಿಯುವಾಗ ನೆಲ ಎದ್ದು ಬಂದಂತಾಗುತ್ತದೆ ಎಂದು ಮೂರನೇ ದಿನ ಬಂದಾಗ ಅವನು, "ಅಭ್ಯಾಸ ಆಗತ್ತಮ್ಮಾ, ನೀವು ತಲೆ ನೆಟ್ಟಗೆ ಇಟ್ಕೊಂಡು ನಡೀರಿ" ಎಂದು ಸಾಗಹಾಕಿದ್ದ. ಈಗ ಅವಳು ಕುತ್ತಿಗೆ ಬಿಗಿದು, ತಲೆಯ ಮೇಲೆ ಕೊಡ ಹೊತ್ತವಳಂತೆ ಒಳಗೆ ಬಂದಳು.

"ನೀವು ಹೇಳ್ದಂಗೇ ನಡೀತಿದೀನಿ ಸಾರ್. ಆದ್ರೂ ಆಗ್ತಿಲ್ಲ. ನನ್ನ ನಡಿಗೇನೇ ಸರಿ ಇಲ್ವೇನೋ. ಬೇಜಾರು ಮಾಡ್ಕೋಬೇಡಿ."

ಅವನೊಳಗೆ ನಾಚಿಕೆಗೆಟ್ಟ ಒಂದು ಆಸೆ ತಲೆ ಎತ್ತಿತು. ತಪ್ಪು ತನ್ನದೇ ಇರಲಿ. ಕಣ್ಣಿನ ಪಾಪೆಗಳ ನಡುವಿನ ಅಂತರವನ್ನು ತಾನು ಎರಡು ಮಿಲಿಮೀಟರ್ ತಪ್ಪಾಗಿ ಅಳೆದಿರಲಿ. ಇಲ್ಲಿ, ಈ ಕತ್ತಲೆಯಲ್ಲಿ, ಈ ಗೊತ್ತಿಲ್ಲದ ಹೆಂಗಸಿನೆದುರು "ನಿಮ್ಮ ನಡಿಗೆ ಸರಿಯಾಗೇ ಇದೆಯಮ್ಮಾ, ತಪ್ಪು ನಂದು" ಎಂದು ಒಮ್ಮೆ ಹೇಳಿ ನಾಲಿಗೆಗೆ ರೂಢಿಯಾಗಲಿ. ಚಿಕ್ಕ ಅಳತೆಕಡ್ಡಿ ತೆಗೆದು ಅಳೆದ. ಮತ್ತೆ ಅಳೆದ. ಕನ್ನಡಕವನ್ನು ಯಂತ್ರದ ಮೇಲೆ ಇಟ್ಟು ನೋಡಿದ. ಎಲ್ಲ ಸರಿಯಾಗಿತ್ತು, ಕೂದಲೆಳೆಯಷ್ಟೂ ತಪ್ಪಿರಲಿಲ್ಲ. ಮೂಗಿನ ಮೇಲೆ ಕೂರುವ ಪುಟ್ಟ ಮೆತ್ತೆಯ ತಿರುಪು ಒಂದು ಕಡೆ ಸಡಿಲವಾಗಿ ಚೌಕಟ್ಟು ಕೆಳಗೆ ಜಾರುತ್ತಿತ್ತು, ಅಷ್ಟೆ. ಅರ್ಧ ತಿರುವು ಬಿಗಿ ಮಾಡಿ ಕೊಟ್ಟ. ಅವಳು ಹಾಕಿಕೊಂಡು ಹೊರಗಿನ ಮೆಟ್ಟಿಲು ಇಳಿದು, ಹತ್ತಿ, ಮತ್ತೆ ಇಳಿದು, "ದೇವರ ಹಾಗೆ ಸಾರ್ ನೀವು!" ಎಂದು ಕೈಮುಗಿದು ಹೋದಳು. ಒಂದು ಸಣ್ಣ ತಪ್ಪೊಪ್ಪಿಗೆಯ ಯೋಗ್ಯತೆಯೂ ತನಗಿಲ್ಲ ಎಂದುಕೊಂಡು ಅವನು ಪೆಟ್ಟಿಗೆಯ ಗಾಜುಗಳನ್ನು ನಂಬರಿನ ಪ್ರಕಾರ ಜೋಡಿಸುತ್ತ ಕೂತ.

ಮೂರು ಗಂಟೆಗೆ ರಜೆ ಹೇಳಿ ಟೈರಿನ ಅಂಗಡಿಗೆ ಹೋದ. ಮುಂಚಿನ ಅಂಗಡಿಯಲ್ಲ, ಆ ಕಡೆ ಅವನು ತಲೆ ಹಾಕಿರಲಿಲ್ಲ. ಇಲ್ಲಿ ಟೈರಿನವನೊಬ್ಬನೇ ಇದ್ದ, ಐವತ್ತರ ಆಸುಪಾಸಿನವನು, ಎರಡೂ ಅಂಗೈ ಕಪ್ಪು, ಕಿವಿಯ ಮೇಲೆ ಸೀಮೆಸುಣ್ಣದ ತುಂಡು. ಅವನು ದಾರಿಯುದ್ದಕ್ಕೂ ತಯಾರು ಮಾಡಿಕೊಂಡು ಬಂದಿದ್ದ ವಾಕ್ಯವನ್ನು ಒಂದೇ ಉಸಿರಿಗೆ ಹೇಳಿದ: "ಹಿಂದಿನ ಟೈರ್ ಬೇಕಿತ್ತು. ಅದರ ಮೇಲೇ ಬರ್ದಿದೆ ನೋಡಿ, ಅದೇ ಸೈಜ್."

ಟೈರಿನವನು ಬರೆದದ್ದನ್ನು ನೋಡಲಿಲ್ಲ. ಗಾಡಿಯ ಹಿಂದೆ ಕುಕ್ಕರಗಾಲಿನಲ್ಲಿ ಕೂತು, ರಿಮ್ಮಿಗೂ ಟೈರಿಗೂ ನಡುವಿನ ಸಂದಿಯಲ್ಲಿ ಬೆರಳು ಆಡಿಸಿದ. "ಅದು ಈ ಟೈರಿನ ಸೈಜು ಸ್ವಾಮಿ, ಈ ಗಾಡಿ ಸೈಜಲ್ಲ. ಎಲ್ರೂ ಮಾಡೋದು ಇದೇ. ಇರೋದನ್ನ ನೋಡಿ ಅದೇ ಕೊಡಿ ಅಂತಾರೆ. ಇರೋದೇ ತಪ್ಪಿದ್ರೆ? ಕಂಪನಿ ಚೀಟಿ ಎಲ್ಲಿ?... ಓಹೋ, ಯಾರೋ ಪುಣ್ಯಾತ್ಮ ಕೆರೆದು ತೆಗ್ದಿದಾನೆ." ಚೈನ್ ಕವರಿನ ಒಳಮೈಗೆ ಬೆರಳು ಹಾಕಿ ನಕ್ಕ. "ಇಲ್ಲಿ ಇಕ್ಕಳದ ಹಲ್ಲು ಬೇರೆ. ಯಾರು ಹಾಕ್ಸಿದ್ದು ಇದನ್ನ?"

"ಹಿಂದಿನ ಓನರು," ಅಂದ ಅವನು. ಎಷ್ಟು ಸಲೀಸಾಗಿ ಬಂತೆಂದರೆ, ಒಂದು ಕ್ಷಣ ಆ ಹಿಂದಿನ ಓನರು ಅವನ ಕಣ್ಣ ಮುಂದೆ ನಿಂತ: ಕಪ್ಪು ಕನ್ನಡಕ, ಬಿಗಿ ಅಂಗಿ, ಕಂಡವರಿಗೆಲ್ಲ ಹಿಂಭಾಗ ತೋರಿಸಿಕೊಂಡು ಓಡಾಡುವ ದರಿದ್ರ ಆಸಾಮಿ. ಅವನ ಮೇಲೆ ನಿಜವಾಗಿಯೂ ಸಿಟ್ಟು ಬಂತು.

"ಸಣ್ಣ ರಿಮ್ಮಿಗೆ ದಪ್ಪ ಟೈರು ಹಾಕಿದ್ರೆ ಅದು ಹರಡಿ ಕೂರಲ್ಲ, ಹಿಸುಕಿದಂಗೆ ಎದ್ದು ಕೂರತ್ತೆ. ತಿರುವಿನಲ್ಲಿ ಮೊದ್ಲು ಬಗ್ಗಲ್ಲ, ಬಗ್ಗಿದ್ರೆ ಒಂದೇ ಸಲ ಬಗ್ಗತ್ತೆ. ಒಬ್ರೇ ಇದ್ರೆ ಹೆಂಗೋ ನಡಿಯತ್ತೆ. ಹಿಂದೆ ಯಾರಾದ್ರೂ ಕೂತ್ರೆ ಚಕ್ರ ಮೇಲೆ ಬರತ್ತೆ, ಕವರಿಗೆ ಹಿಡಿಯತ್ತೆ." ಅಷ್ಟು ಹೇಳಿ ಎದ್ದು ನಿಂತ. "ಆವಯ್ಯನಿಗೆ ಹಿಂದೆ ಕೂರೋರು ಯಾರೂ ಇರ್ಲಿಲ್ಲ ಅಂತ ಕಾಣತ್ತೆ, ಪಾಪ."

"ಇದ್ರು," ಅಂದ ಅವನು.

ಟೈರಿನವನು ಅವನನ್ನು ಒಂದು ಸಲ ನೋಡಿದ. ಒಳಗೆ ಹೋಗಿ ಎರಡು ಟೈರು ತಂದು ಗೋಡೆಗೆ ಒರಗಿಸಿದ. "ಇದು ನೂರಾ ಹತ್ತು, ತೊಂಬತ್ತು, ಹದಿನೆಂಟು. ಗಾಡಿ ಹುಟ್ಟಿದಾಗ ಇದ್ದಿದ್ದು ಇದು. ಅದು ನೂರಾ ಇಪ್ಪತ್ತು, ಎಂಬತ್ತು. ಅದೂ ನಡಿಯತ್ತೆ, ಕವರಿಗೆ ತಾಗಲ್ಲ, ನೋಡೋಕೂ ತುಂಬಿ ಕಾಣತ್ತೆ. ಕೆಲವ್ರು ಅದನ್ನೇ ಕೇಳ್ತಾರೆ. ಹೇಳಿ, ಇದಾ, ಅದಾ?"

ಇದಾ, ಅದಾ. ಆ ಪ್ರಶ್ನೆಯ ಈ ಕಡೆ ನಿಂತದ್ದು ಅವನಿಗೆ ಇದೇ ಮೊದಲು. ನೂರಾ ಇಪ್ಪತ್ತು ಎಷ್ಟು ಒಳ್ಳೆಯ ಅಂಕಿ! ಯಾವ ಅಪಾಯವೂ ಇಲ್ಲ, ಯಾವ ಪ್ರಶ್ನೆಯೂ ಇಲ್ಲ. ಹಿಂದಿನಿಂದ ನೋಡಿದರೆ ಭಾವನಿಗೂ ವ್ಯತ್ಯಾಸ ಗೊತ್ತಾಗುವುದಿಲ್ಲ. ಮೆಲ್ಲಗೆ, ಒಂದು ದಿನ, "ಗಾಡಿ ಈಗ ಚೆನ್ನಾಗಿದೆ, ಬಾ, ಧೈರ್ಯ ಮಾಡು" ಎಂದು ಅವಳನ್ನು ಕೂರಿಸಿಕೊಳ್ಳಬಹುದು. ಅವಳು ಸರಿಯಾಗಿ ವಾಲುತ್ತಾಳೆ. "ನೋಡಿದ್ಯಾ, ಕಲಿತುಬಿಟ್ಟೆ" ಎಂದು ಬೆನ್ನು ತಟ್ಟಬಹುದು. ಈ ಕೊನೆಯ ಚಿತ್ರ ತಲೆಯಲ್ಲಿ ಪೂರ್ತಿಯಾಗಿ, ಬಣ್ಣ ಸಮೇತ ಮೂಡಿದಾಗ ಅವನು ನೂರಾ ಇಪ್ಪತ್ತರ ಟೈರಿನಿಂದ ಕಣ್ಣು ತೆಗೆದ. ಇದು ಧರ್ಮ, ಇದು ಸತ್ಯ ಎಂದೇನೂ ಅವನಿಗೆ ಅನ್ನಿಸಲಿಲ್ಲ. ಬೆನ್ನು ತಟ್ಟುವ ಆ ಕೈ ತನ್ನದೇ ಎಂದು ಗುರುತು ಸಿಕ್ಕಿತು, ಅಷ್ಟೆ.

"ಮೊದಲನೇದು," ಅಂದ.

ಅಕ್ಕನ ಮನೆಗೆ ಹೋಗುವ ದಾರಿಯಲ್ಲಿ ಗಾಡಿ ನಾಚಿಕೆಯಾಗುವಷ್ಟು ಚೆನ್ನಾಗಿ ಓಡಿತು. ಮನಸ್ಸಿನಲ್ಲಿ ಅಂದುಕೊಂಡರೆ ಸಾಕು, ತಿರುಗುತ್ತಿತ್ತು. ಆ ಎರಡು ವರ್ಷದ ಗಾಂಭೀರ್ಯವೆಲ್ಲ ಬರಿಯ ತೊಡಕಾಗಿತ್ತು. ಕಾಂಪೌಂಡಿನೊಳಗೆ, ಹಿಂಭಾಗ ಯಾರಿಗೂ ಕಾಣದಂತೆ, ಗಾಡಿಯನ್ನು ಹಿಮ್ಮುಖವಾಗಿ ಗೋಡೆಗೆ ಒತ್ತಿ ನಿಲ್ಲಿಸುತ್ತಿರುವಾಗ ಮೇಲಿನಿಂದ ಭಾವನ ಧ್ವನಿ ಬಂತು.

"ಏನೋ ಅದು, ಮದುವಣಗಿತ್ತಿ ತರ ಗೋಡೆಗೆ ಬೆನ್ನು ಅಂಟಿಸ್ತಿದೀಯಾ? ತಿರುಗ್ಸು, ನೋಡೋಣ. ಅಯ್ಯೋ! ಮತ್ತೆ ಸೈಕಲ್ ಆಯ್ತಲ್ಲೋ!"

ಅಕ್ಕ, ಅಕ್ಕನ ಕಚೇರಿಯ ಗೆಳತಿ, ಹಿಂದೆಯೇ ಅವನ ಹೆಂಡತಿ, ಮೂವರೂ ಕಟಾಂಜನದ ಬಳಿ ಬಂದು ಕೆಳಗೆ ನೋಡಿದರು. ಅವಳು ಟೈರನ್ನಲ್ಲ, ಅವನ ಬೆವರಿದ ಅಂಗಿಯನ್ನು ನೋಡಿ, "ಮೊದ್ಲು ಮೇಲೆ ಬಂದು ನೀರು ಕುಡೀರಿ" ಅಂದಳು.

ಊಟಕ್ಕೆ ಇನ್ನೂ ಹೊತ್ತಿತ್ತು. ಎಲ್ಲರೂ ಹಜಾರದಲ್ಲಿ ಕೂತರು. ಗೆಳತಿ ಈ ಮನೆಗೆ ಹೊಸಬಳು. ಹೊಸಬರು ಬಂದರೆ ಈ ಮನೆಯಲ್ಲಿ ತೋರಿಸುವುದಕ್ಕೆ ಮೀನಿನ ತೊಟ್ಟಿ ಒಂದಿತ್ತು, ಅವನ ಕಥೆ ಒಂದಿತ್ತು. ಮೀನು ತೋರಿಸಿ ಆಗಿತ್ತು. "ನಮ್ಮ ಮೂಟೆ ಯಾಕೆ ಬಸ್ಸಲ್ಲಿ ಬಂದಿದ್ದು ಅಂತ ಕೇಳಿದ್ರಲ್ಲಾ, ಇವನ ಬಾಯಲ್ಲೇ ಕೇಳಿ," ಎಂದು ಭಾವ ಕಾಲು ಮಡಚಿ ಆರಾಮಾಗಿ ಕೂತರು. "ಹೇಳೋ. ಕುಂಡದಿಂದ ಶುರು ಮಾಡು."

ಅವನು ಕುಂಡದಿಂದಲೇ ಶುರು ಮಾಡಿದ. ತನ್ನ ಧ್ವನಿ ತಂತಾನೇ ಹಳೆಯ ಜಾಡಿಗೆ ಬೀಳುವುದು ಅವನಿಗೆ ಕೇಳಿಸುತ್ತಿತ್ತು. ಎಲ್ಲಿ ತಡೆಯಬೇಕೋ ಅಲ್ಲಿ ತಡೆಯಿತು, ಎಲ್ಲಿ ಕಣ್ಣರಳಿಸಬೇಕೋ ಅಲ್ಲಿ ಕಣ್ಣೂ ಅರಳಿತು. ಗೆಳತಿ ಆಗಲೇ ನಗುತ್ತಿದ್ದಳು. ಹೆಂಡತಿ ಹೂಜಿಯಿಂದ ಲೋಟಗಳಿಗೆ ನೀರು ಬಗ್ಗಿಸುತ್ತ, ತನ್ನ ಸರದಿಯ ನಗುವನ್ನು ತುಟಿಯ ಮೇಲೆ ಆಗಲೇ ತಂದಿಟ್ಟುಕೊಂಡಿದ್ದಳು. ಆ ಸಿದ್ಧವಾದ ನಗುವನ್ನು ಕಂಡದ್ದೇ, ಬಾಯಿಗೆ ಬಂದಿದ್ದ ಸಿಮೆಂಟ್ ಮೂಟೆ ಅಲ್ಲೇ ನಿಂತಿತು.

"ಇವಳು ಸರಿಯಾಗೇ ವಾಲಿದ್ಳು," ಅಂದ. "ಟೈರು ತಪ್ಪಿತ್ತು. ನಾನು ದಪ್ಪ ಟೈರು ಹಾಕ್ಸಿದ್ದೆ, ಭಾವ ಸೈಕಲ್ ಅಂದ್ರು ಅಂತ. ಅದು ಕವರಿಗೆ ಹಿಡೀತು. ನಾನೇ ಬೀಳ್ಸಿದ್ದು."

ಭಾವ ತೊಡೆ ತಟ್ಟಿಕೊಂಡು ಹೋ ಎಂದು ನಕ್ಕರು. "ಕೇಳಿದ್ರಾ! ಈಗ ತಪ್ಪು ನನ್ನ ತಲೆಗೆ ಕಟ್ದ! ಇದು ಹೊಸಾದು ಕಣೋ, ಚೆನ್ನಾಗಿದೆ!"

"ನಿಜ ಹೇಳ್ತಿದೀನಿ ಭಾವ."

"ನೋಡೇ," ಎಂದು ಅಕ್ಕ ಗೆಳತಿಯ ಮೊಣಕೈ ತಿವಿದಳು, "ಹೊರಗಿನವ್ರ ಎದುರಿಗೆ ಹೆಂಡ್ತೀನ ಬಿಟ್ಕೊಡಲ್ಲ ನನ್ನ ತಮ್ಮ. ಎಲ್ಲಾ ತನ್ನ ಮೇಲೆ ಹಾಕ್ಕೊಂಡ. ಇಂಥ ಗಂಡ ಸಿಗಬೇಕಲ್ಲ!"

"ಅಕ್ಕಾ, ಹಾಗಲ್ಲ ಕಣೆ. ಚೀಟಿ ಕೂಡ ಕೆರೆದು ಹಾಕಿದ್ದೆ ನಾನು..."

"ಸಾಕು ಸಾಕು, ಪುಣ್ಯವಂತೆ ಅವಳು," ಎಂದಳು ಗೆಳತಿ ನಗುತ್ತ. ಎರಡು ವರ್ಷ ಎದೆಯೊಳಗೆ ಹೊತ್ತು ತಿರುಗಿದ ಕೊಳೆಯನ್ನು ಅವನು ಹೊರಗೆ ತೆಗೆದು ಇಟ್ಟರೆ, ಅವರು ಅದನ್ನೇ ಹಾರ ಮಾಡಿ ಅವನ ಕೊರಳಿಗೆ ಹಾಕುತ್ತಿದ್ದರು. ಅದಕ್ಕಿಂತ ಹೇಸಿಗೆಯೆಂದರೆ, ಆ ಹಾರದ ತಂಪು ಕೊರಳಿಗೆ ಹಿತವಾಗಿಯೇ ಇತ್ತು.

ನೀರು ಬಗ್ಗಿಸುವ ಸದ್ದು ನಿಂತಿತ್ತು. ಅವಳು ಹೂಜಿಯನ್ನು ಕೆಳಗಿಟ್ಟಳು. "ಎಷ್ಟಿತ್ತು?" ಅಂದಳು.

"ಏನು?"

"ಟೈರು. ಎಷ್ಟಿರ್ಬೇಕಿತ್ತು, ಎಷ್ಟಿತ್ತು?"

"ಇರ್ಬೇಕಾದ್ದು ನೂರಾ ಹತ್ತು. ಹಾಕ್ಸಿದ್ದು ನೂರಾ ಮೂವತ್ತು. ಮಿಲಿಮೀಟರು."

"ಇಪ್ಪತ್ತು," ಅಂದಳು ಅವಳು. ಹೆಬ್ಬೆರಳನ್ನೂ ತೋರುಬೆರಳನ್ನೂ ಅಷ್ಟು ಅಗಲಿಸಿ, ಆ ಸಂದಿಯನ್ನು ನೋಡಿದಳು. ಹಲಗೆಯ ಮೇಲೆ ದಿನವೂ ಗೆರೆ ಎಳೆಯುವವಳ ಕೈ; ಅಳತೆ ಸರಿಯಾಗಿಯೇ ಇದ್ದಿರಬೇಕು. ಆಮೇಲೆ ಎದ್ದು, ಕೈಚೀಲ ತೆಗೆದುಕೊಂಡು ಕೆಳಗಿಳಿದು ಹೋದಳು. "ಪಾಪ, ಕಣ್ತುಂಬಿ ಬಂತು ಅವಳಿಗೆ," ಎಂದ ಅಕ್ಕನ ಮಾತು ಮೆಟ್ಟಿಲಿಳಿಯುತ್ತಿದ್ದ ಅವನ ಬೆನ್ನಿಗೆ ಬಡಿಯಿತು.

ಸಂಜೆಯ ಬೆಳಕು ಇನ್ನೂ ಇತ್ತು. ಅವಳು ಗಾಡಿಯ ಹತ್ತಿರ, ಒಂದು ಗೇಣೂ ಬಿಡದೆ ನಿಂತಿದ್ದಳು. "ಎಲ್ಲಿ ಹಿಡೀತು?"

ತೋರಿಸಿದ. ಅವಳು ಬಗ್ಗಿ, ಚೈನ್ ಕವರಿನ ಒಳಗೆ ಬೆರಳು ಹಾಕಿ, ಸವೆದ ಜಾಗವನ್ನು ಉದ್ದಕ್ಕೂ ಮುಟ್ಟಿ ನೋಡಿದಳು. ಇಕ್ಕಳದ ಗುರುತುಗಳನ್ನೂ ಒಂದೊಂದಾಗಿ ಮುಟ್ಟಿದಳು.

"ಅವತ್ತೇ ಗೊತ್ತಾಗಿತ್ತಾ ನಿಮ್ಗೆ?"

"ಹೂಂ. ಕವರ್ ಮೇಲೆ ರಬ್ಬರಿನ ಕಪ್ಪು ಗುರುತಿತ್ತು. ಕರ್ಚೀಫಲ್ಲಿ ಒರೆಸ್ದೆ."

"ಯಾವಾಗ?" ಅವಳು ತಲೆ ಎತ್ತಲಿಲ್ಲ. "ನನ್ನನ್ನ ಎಬ್ಬಿಸೋಕೆ ಮುಂಚೆನಾ, ಆಮೇಲಾ?"

ಎರಡೇ ಉತ್ತರ. ಆಮೇಲೆ ಎಂದರೆ ಅವಳು ನಂಬುತ್ತಿದ್ದಳು. ಬಿದ್ದವಳನ್ನು ಎಬ್ಬಿಸಿ ಕೂರಿಸಿ, ಆಮೇಲೆ ಹೆದರಿ ಒರೆಸಿದ ಗಂಡ. ಹೆದರಿದವನನ್ನು ಯಾರಾದರೂ ಕ್ಷಮಿಸುತ್ತಾರೆ. ನೆನಪು ಎಂದಿನಂತೆ ಹೊಸ್ತಿಲಿಗೆ ಬಂದು ತಿರುಗಲು ಹವಣಿಸಿತು. ಈ ಸಲ ಅವನು ಅದರ ಕುತ್ತಿಗೆ ಹಿಡಿದು ಒಳಗೆ ನೂಕಿದ. ಒಡೆದ ಕುಂಡ, ಮಣ್ಣು, "ರೀ" ಎಂದು ಒಮ್ಮೆ ಕರೆದ ಅವಳ ಧ್ವನಿ. ಆ ಧ್ವನಿಗೆ ಬೆನ್ನು ಮಾಡಿ ಕೂತು, ಎಂಜಲು ಹಚ್ಚಿ ಹಚ್ಚಿ, ಗುರುತು ಹೋಯಿತೋ ಇಲ್ಲವೋ ಎಂದು ಬೆಳಕಿಗೆ ಓರೆಮಾಡಿ ನೋಡುತ್ತಿದ್ದ ಒಬ್ಬ ಮನುಷ್ಯ.

"ಮುಂಚೆ," ಅಂದ.

ಅವಳು ನೆಟ್ಟಗೆ ನಿಂತಳು. ಬೆರಳಿಗೆ ಹತ್ತಿದ ಗ್ರೀಸನ್ನು ಒರೆಸಿಕೊಳ್ಳಲು ಏನೂ ಸಿಗದೆ ಕೈಯನ್ನು ಮೈಯಿಂದ ದೂರ ಹಿಡಿದುಕೊಂಡಳು. ಅವನು ಕರ್ಚೀಫಿಗಾಗಿ ಜೇಬಿಗೆ ಕೈ ಹಾಕಿ, ಸದ್ಯ, ಸಮಯಕ್ಕೆ ಸರಿಯಾಗಿ ಬರಿಗೈಯನ್ನೇ ಹಿಂದಕ್ಕೆ ತೆಗೆದುಬಿಟ್ಟ.

"ಅವ್ರು ನಂಬ್ಲಿಲ್ಲ," ಅಂದಳು.

"ಇಲ್ಲ."

"ನೀವು ಕಥೆ ಹೇಳೋ ಹಾಗೆ ಹೇಳಿದ್ರಿ. ನಗಿಸ್ದೆ ಹೇಳಿ, ನಂಬ್ತಾರೆ. ಮೇಲೆ ಹೋಗಿ ಇನ್ನೊಂದ್ಸಲ ಹೇಳಿ. ನಾನಿರಲ್ಲ. ನಾನಿದ್ರೆ ನನ್ನ ಪರ ಮಾತಾಡ್ತಿದಾರೆ ಅನ್ಕೋತಾರೆ."

"ನಾನು ಬಿಡ್ತೀನಿ ಮನೆಗೆ. ಈಗ ಗಾಡಿ ಸರಿಯಾಗಿದೆ. ನಿಜವಾಗ್ಲೂ."

"ಗೊತ್ತು." ಅವಳು ಕೈಚೀಲವನ್ನು ಗ್ರೀಸ್ ಹತ್ತದ ಕೈಯಿಂದ ಭುಜಕ್ಕೇರಿಸಿಕೊಂಡಳು. "ಇಷ್ಟು ದಿನ ಭಯಕ್ಕೆ ಬಸ್ಸಲ್ಲಿ ಹೋಗ್ತಿದ್ದೆ. ಇವತ್ತು ಭಯ ಇಲ್ಲ. ಸಿಟ್ಟಿಗೆ ಹೋಗ್ತಿದೀನಿ. ನಾಳೆದು ನಾಳೆ ನೋಡೋಣ."

ಗೇಟು ದಾಟಿ, ರಸ್ತೆಯ ತಿರುವಿನಲ್ಲಿ ಮರೆಯಾಗುವವರೆಗೂ ಅವಳು ಒಮ್ಮೆಯೂ ಹಿಂದೆ ನೋಡಲಿಲ್ಲ. ನೋಡಿದ್ದರೆ ಸಾಕಿತ್ತು, ಅಷ್ಟರಲ್ಲೇ ಇವತ್ತಿನ ಮಟ್ಟಿಗೆ ಬಚಾವಾಗಬಹುದಿತ್ತು. ತಾನು ಅದಕ್ಕಾಗಿಯೇ ಕಾಯುತ್ತಿದ್ದೆ ಎಂದು ಅವನಿಗೆ ಈಗ ಗೊತ್ತಾಯಿತು.

"ಏನೋ ಸೈಕಲ್ಲೂ!" ಕಟಾಂಜನಕ್ಕೆ ಒರಗಿ ಭಾವ ಕೂಗಿದರು. "ಟೈರು ಸಣ್ಣ ಮಾಡಿದ್ದಕ್ಕೆ ಮೂಟೆ ಕೂತ್ಕೊಳ್ಳಲ್ಲ ಅಂತಾ?"

ಉತ್ತರ ಆ ಕ್ಷಣವೇ ನಾಲಿಗೆಯ ತುದಿಗೆ ಬಂತು. ಚೆನ್ನಾಗಿತ್ತು. ಅವನು ಇಲ್ಲಿಯವರೆಗೆ ಹೇಳಿದ್ದೆಲ್ಲಕ್ಕಿಂತ ಚೆನ್ನಾಗಿತ್ತು. ಭಾವ ಬಿದ್ದು ಬಿದ್ದು ನಗುತ್ತಿದ್ದರು, ಗೆಳತಿ ನಾಳೆ ಕಚೇರಿಯಲ್ಲಿ ಹೇಳಿಕೊಂಡು ತಿರುಗುತ್ತಿದ್ದಳು. ನೀರಿಲ್ಲದೆ ನುಂಗಿದ ಮಾತ್ರೆಯ ಹಾಗೆ ಅದು ಗಂಟಲಲ್ಲಿ ಅಡ್ಡ ನಿಂತು, ಕಹಿ ಬಿಟ್ಟುಕೊಂಡು, ಕೊನೆಗೆ ಕೆಳಗಿಳಿಯಿತು. ಅವನು ಮೆಟ್ಟಿಲು ಹತ್ತಿದ. ಹಜಾರದಲ್ಲಿ ಭಾವ ಕಾಲು ಮಡಚಿ ಮತ್ತೆ ಕುರ್ಚಿಗೆ ಒರಗಿದ್ದರು, ಅವನ ಬಾಯನ್ನೇ ನೋಡುತ್ತ, ನಗುವುದಕ್ಕೆ ತಯಾರಾಗಿ.

"ಭಾವ," ಅಂದ ಅವನು, "ಮೊದ್ಲು ಅವಳನ್ನ ಹಾಗೆ ಕರಿಯೋದು ಬಿಡಿ."